ಮೊದಲು ‘ಎಲ್ಲಿ’, ಆಮೇಲೆ ‘ಏನು’: 108 ಮತ್ತು 112ಕ್ಕೆ ಕರೆ ಮಾಡುವ ಬಗೆ

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ ಧಾರವಾಡದ ನಮ್ಮ ಓಣಿಯಲ್ಲಿ ಎದುರು ಮನೆಯ ಹಿರಿಯರಿಗೆ ಎದೆನೋವು ಕಾಣಿಸಿಕೊಂಡಿತು. ಅವರ ಮಗ ಮೊದಲು ಹುಬ್ಬಳ್ಳಿಯಲ್ಲಿದ್ದ ಸೋದರಮಾವನಿಗೆ ಫೋನ್ ಮಾಡಿದ. ಮಾವ ತಮ್ಮ ಪರಿಚಯದ ಡಾಕ್ಟರರಿಗೆ ಮಾಡಿದರು, ಡಾಕ್ಟರರು ಎತ್ತಲಿಲ್ಲ. ಅಷ್ಟರಲ್ಲಿ ಮಗ ಕಾರು ಇಟ್ಟುಕೊಂಡಿದ್ದ ಗೆಳೆಯನನ್ನು ಎಬ್ಬಿಸಲು ನೋಡಿದ. ಗದ್ದಲ ಕೇಳಿ ನಾನು ಹೋಗುವ ಹೊತ್ತಿಗೆ ಇಪ್ಪತ್ತು ನಿಮಿಷ ಕಳೆದಿತ್ತು. 108ಕ್ಕೆ ಇನ್ನೂ ಯಾರೂ ಕರೆ ಮಾಡಿರಲಿಲ್ಲ. ಕೊನೆಗೂ ಕರೆ ಹೋದಾಗ ನಡೆದ ಮಾತು ನನಗೆ ಇಂದಿಗೂ ಬಾಯಿಪಾಠವಾಗಿದೆ.

“ಲಗೂನ ಬರ್ರಿ, ನಮ್ಮ ಅಪ್ಪಗ ಎದಿ ಭಾಳ ನೋಯಾಕತ್ತೈತಿ.”

“ಎಲ್ಲಿಂದ ಮಾತಾಡ್ತಾ ಇದ್ದೀರಿ ಸರ್?”

“ಇಲ್ಲೇ ಮನ್ಯಾಗಿಂದ್ರಿ.”

“ಯಾವ ಊರು ಸರ್?”

“ಧಾರವಾಡ್ರಿ. ಹನಮಪ್ಪನ ಗುಡಿ ಹಿಂದ.”

ಧಾರವಾಡದಲ್ಲಿ ಹನುಮಪ್ಪನ ಗುಡಿಗಳು ಎಷ್ಟಿವೆ ಎಂದು ಎಣಿಸಿದವರಿಲ್ಲ. ಬಡಾವಣೆಯ ಹೆಸರು, ರಸ್ತೆ, ತಿರುವು, ಮನೆಯ ಗುರುತು ಇವೆಲ್ಲ ಒಂದೊಂದಾಗಿ ಹೊರಬರಲು ಮತ್ತೆರಡು ನಿಮಿಷ ಹಿಡಿಯಿತು. ಆ ಹಿರಿಯರು ಬದುಕಿದರು, ಈಗಲೂ ಬೆಳಿಗ್ಗೆ ವಾಕಿಂಗಿಗೆ ಹೋಗುತ್ತಾರೆ. ಆದರೆ ಆ ರಾತ್ರಿ ಕಳೆದುಹೋದ ಹೊತ್ತಿನ ಬಹುಪಾಲು ಆಂಬುಲೆನ್ಸಿನದಾಗಿರಲಿಲ್ಲ, ನಮ್ಮದೇ ಆಗಿತ್ತು. ಆಪತ್ತಿನ ಕರೆಯನ್ನು ನಾವು ಒಂದು ಗಾಡಿ ಕರೆಸುವ ಕೆಲಸವೆಂದು ತಿಳಿದಿದ್ದೇವೆ. ವಾಸ್ತವದಲ್ಲಿ ಅದು ಮಾಹಿತಿಯನ್ನು ಸರಿಯಾದ ಕ್ರಮದಲ್ಲಿ ಒಪ್ಪಿಸುವ ಕೆಲಸ. ಆ ಕ್ರಮ ಯಾವುದು, ಯಾವ ಸಂದರ್ಭಕ್ಕೆ ಯಾವ ಸಂಖ್ಯೆ, ಗಾಡಿ ಬರುವವರೆಗೆ ಕೈಯಲ್ಲಿರುವ ನಿಮಿಷಗಳನ್ನು ಏನು ಮಾಡಬೇಕು ಎಂಬುದನ್ನು ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದ ಊರು, ಹೊಲ, ಹೆದ್ದಾರಿಗಳನ್ನೇ ಕಣ್ಣ ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಎರಡು ಸಂಖ್ಯೆ ಸಾಕು

ಪೊಲೀಸರಿಗೆ 100, ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108 ಎಂದು ಶಾಲೆಯಲ್ಲಿ ಕಲಿತವರು ನಾವು. ಈಗ ಇಡೀ ದೇಶಕ್ಕೆ 112 ಎಂಬ ಒಂದೇ ಸಂಖ್ಯೆ ಇದೆ. 2012ರ ದೆಹಲಿಯ ಘಟನೆಯ ನಂತರ ರೂಪುಗೊಂಡ ನಿರ್ಭಯಾ ನಿಧಿಯ ನೆರವಿನಿಂದ ಈ ವ್ಯವಸ್ಥೆ ಕಟ್ಟಲ್ಪಟ್ಟು, 2018ರಲ್ಲಿ ಹಿಮಾಚಲ ಪ್ರದೇಶದಿಂದ ಆರಂಭವಾಗಿ ಉಳಿದ ರಾಜ್ಯಗಳಿಗೆ ಹರಡಿತು. ಪೊಲೀಸ್, ಬೆಂಕಿ, ವೈದ್ಯಕೀಯ ಈ ಮೂರರಲ್ಲಿ ಯಾವುದು ಬೇಕೆಂದು ನಿಮಗೇ ಸ್ಪಷ್ಟವಿಲ್ಲದಿದ್ದಾಗ, ಅಥವಾ ಮೂರೂ ಬೇಕಾದಾಗ, 112 ಒತ್ತುವುದು ಸರಿಯಾದ ದಾರಿ. ಹೊಡೆದಾಟದಲ್ಲಿ ಒಬ್ಬನಿಗೆ ಚಾಕು ಇರಿತವಾಗಿದೆ ಎಂದಿಟ್ಟುಕೊಳ್ಳಿ. ಅಲ್ಲಿ ಆಂಬುಲೆನ್ಸೂ ಬೇಕು, ಪೊಲೀಸರೂ ಬೇಕು.

ಕೇವಲ ವೈದ್ಯಕೀಯ ತುರ್ತಾಗಿದ್ದರೆ ನಮ್ಮ ರಾಜ್ಯದಲ್ಲಿ 108 ನೇರವಾದ ದಾರಿ. ‘ಆರೋಗ್ಯ ಕವಚ’ ಎಂಬ ಹೆಸರಿನ ಈ ಸೇವೆ ಆರಂಭವಾದದ್ದು 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ. ಕರೆಗೂ ದುಡ್ಡಿಲ್ಲ, ಗಾಡಿಗೂ ಬಾಡಿಗೆಯಿಲ್ಲ. ಗಾಡಿಯಲ್ಲಿ ಇಬ್ಬರಿರುತ್ತಾರೆ: ಚಿಕಿತ್ಸೆ ನೀಡುವ ತರಬೇತಿ ಪಡೆದ ಸಿಬ್ಬಂದಿ ಒಬ್ಬರು, ಚಾಲಕರೊಬ್ಬರು. ಚಾಲಕರನ್ನು ಆ ವಲಯದಲ್ಲಿ ‘ಪೈಲಟ್’ ಎಂದು ಕರೆಯುತ್ತಾರೆ. ನೆನಪಿಡಬೇಕಾದ ಸಂಗತಿಯೆಂದರೆ, ನಿಮ್ಮ ಕರೆ ಸ್ವೀಕರಿಸುವವರು ಗಾಡಿಯಲ್ಲಿ ಕುಳಿತವರಲ್ಲ, ನಿಮ್ಮ ಊರಿನವರೂ ಅಲ್ಲ. ಇಡೀ ರಾಜ್ಯದ ಕರೆಗಳನ್ನು ಸ್ವೀಕರಿಸುವ ಕೇಂದ್ರದಲ್ಲಿ ಕುಳಿತ ಅವರಿಗೆ ‘ದುರ್ಗದಬೈಲ್ ಹತ್ರ’ ಎಂದರೆ ಅದು ಹುಬ್ಬಳ್ಳಿಯೇ ಎಂದು ತಾನಾಗಿ ಹೊಳೆಯಬೇಕಾಗಿಲ್ಲ.

ಉಳಿದ ಸಂಖ್ಯೆಗಳು ಹಲವಿವೆ, ಅವುಗಳ ಮಾತು ಅಲ್ಲಲ್ಲಿ ಬರುತ್ತದೆ. ಗಾಬರಿಯಲ್ಲಿ ನೆನಪಿಗೆ ಬರುವುದು ಒಂದೋ ಎರಡೋ ಮಾತ್ರ. ಆದ್ದರಿಂದ ಮನೆಯ ಮಕ್ಕಳಿಂದ ಹಿಡಿದು ಅಜ್ಜಿಯವರೆಗೆ ಎಲ್ಲರಿಗೂ 112 ಮತ್ತು 108 ಬಾಯಿಗೆ ಬಂದಿದ್ದರೆ ಸಾಕು ಎಂಬುದು ನನ್ನ ಅಭಿಪ್ರಾಯ. ಬೇರೆಯವರ ಫೋನ್ ಲಾಕ್ ಆಗಿದ್ದರೂ ಚಿಂತೆಯಿಲ್ಲ. ಲಾಕ್ ಪರದೆಯ ಮೇಲೆಯೇ ತುರ್ತು ಕರೆಯ ಗುಂಡಿ ಇರುತ್ತದೆ. ಪಾಸ್‌ವರ್ಡ್ ಇಲ್ಲದೆಯೇ ಅಲ್ಲಿಂದ 112 ಒತ್ತಬಹುದು. ರಸ್ತೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದವರ ಕಿಸೆಯ ಫೋನೂ ಹೀಗೆ ಕೆಲಸಕ್ಕೆ ಬರುತ್ತದೆ.

ಯಾವಾಗ ತಡಮಾಡಬಾರದು

ನಮ್ಮ ಭಾಗದಲ್ಲಿ ಎದೆನೋವಿಗೆ ಮೊದಲು ಇಡುವ ಹೆಸರು ‘ಗ್ಯಾಸ್’. ಸೋಡಾ ಕುಡಿಸುವುದು, ಅಜಿವಾನ ಅಗಿಯಲು ಕೊಡುವುದು, ಬೆನ್ನು ತಿಕ್ಕುವುದು, ಅರ್ಧ ತಾಸು ನೋಡೋಣವೆನ್ನುವುದು. ನೋವು ಎದೆಯ ನಡುವೆ ಹಿಂಡಿದಂತಿದ್ದು, ಎಡತೋಳು, ದವಡೆ ಅಥವಾ ಬೆನ್ನಿಗೆ ಹರಿಯುತ್ತಿದ್ದರೆ, ಮೈಯೆಲ್ಲ ತಣ್ಣನೆಯ ಬೆವರು ಇಳಿಯುತ್ತಿದ್ದರೆ, ಉಸಿರು ಕಟ್ಟಿದಂತಾಗುತ್ತಿದ್ದರೆ ಅದು ಗ್ಯಾಸ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಕೆಲಸ ನಮ್ಮದಲ್ಲ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಮತ್ತು ವಯಸ್ಸಾದವರಲ್ಲಿ ಹೃದಯಾಘಾತವು ಎದೆನೋವೇ ಇಲ್ಲದೆ, ಬರೀ ವಿಪರೀತ ಸುಸ್ತು ಅಥವಾ ಹೊಟ್ಟೆಯ ಮೇಲ್ಭಾಗದ ಉರಿಯಾಗಿ ಬರುವುದುಂಟು. ಇಂಥವರನ್ನು ಮಹಡಿಯಿಂದ ನಡೆಸಿಕೊಂಡು ಇಳಿಸುವುದಾಗಲಿ, ಬೈಕಿನ ಮೇಲೆ ಇಬ್ಬರ ನಡುವೆ ಕೂರಿಸಿ ಒಯ್ಯುವುದಾಗಲಿ ಸರಿಯಲ್ಲ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ಅದನ್ನು ದೂರದ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಎಂದಮೇಲೆ ಮುಂಡರಗಿಯ ರೋಗಿ ಹುಬ್ಬಳ್ಳಿ ಮುಟ್ಟಿದ ಮೇಲಷ್ಟೇ ಚಿಕಿತ್ಸೆ ಶುರುವಾಗಬೇಕೆಂಬ ಕಾಲ ಇದಲ್ಲ.

ಲಕ್ವದ ವಿಷಯದಲ್ಲಿ ಇದಕ್ಕಿಂತ ದೊಡ್ಡ ತಪ್ಪು ನಡೆಯುತ್ತದೆ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ, ಈ ಮೂರರಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಮಿದುಳಿನ ರಕ್ತನಾಳದ ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ, ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಲೇಬೇಕು. ಈ ನಾಲ್ಕೂವರೆ ತಾಸನ್ನು ಎಣಿಸುವುದು ನಾವು ನೋಡಿದ ಗಳಿಗೆಯಿಂದಲ್ಲ, ರೋಗಿ ಕೊನೆಯದಾಗಿ ಸರಿಯಾಗಿದ್ದ ಗಳಿಗೆಯಿಂದ. ಬೆಳಿಗ್ಗೆ ಆರಕ್ಕೆ ಎದ್ದಾಗ ಕೈ ಬಿದ್ದಿತ್ತು ಎಂದರೆ, ರಾತ್ರಿ ಎಷ್ಟು ಗಂಟೆಗೆ ಅವರು ಸರಿಯಾಗಿ ಮಾತಾಡಿ ಮಲಗಿದ್ದರು ಎಂಬುದನ್ನು ಕರೆಯಲ್ಲಿಯೂ ಆಸ್ಪತ್ರೆಯಲ್ಲಿಯೂ ಹೇಳಬೇಕು. ನಾಟಿ ಔಷಧಿ ಕೊಡುವ ಊರು ಹುಡುಕುತ್ತ ಹೋದವರಿಗೆ ಆ ಅವಕಾಶ ದಾರಿಯಲ್ಲಿಯೇ ಮುಗಿದಿರುತ್ತದೆ.

ಇವೆರಡರ ಹೊರತಾಗಿ, ಕರೆದರೂ ಅಲುಗಾಡಿಸಿದರೂ ಏಳದವರು, ಒತ್ತಿ ಹಿಡಿದರೂ ನಿಲ್ಲದ ರಕ್ತಸ್ರಾವ, ಉಸಿರಾಟದ ತೀವ್ರ ತೊಂದರೆ, ಐದು ನಿಮಿಷ ಮೀರಿದ ಅಥವಾ ಮೇಲಿಂದ ಮೇಲೆ ಬರುವ ಫಿಟ್ಸ್, ದೊಡ್ಡ ಸುಟ್ಟಗಾಯ, ಕರೆಂಟ್ ಹೊಡೆದವರು, ನೀರಿಗೆ ಬಿದ್ದವರು, ವಿಷ ಕುಡಿದವರು, ಹಾವು ಕಚ್ಚಿದವರು ಇವರಾರಿಗೂ ‘ಸ್ವಲ್ಪ ನೋಡೋಣ’ ಎನ್ನುವಂತಿಲ್ಲ. ಫಿಟ್ಸ್ ಬಂದವರ ಕೈಗೆ ಕೀಲಿಕೈ ಕೊಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ನಮ್ಮಲ್ಲಿ ರೂಢಿಯಲ್ಲಿದೆ. ಅದರಿಂದ ಯಾವ ಉಪಯೋಗವೂ ಇಲ್ಲ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ಅದುರುವಿಕೆ ನಿಂತ ಮೇಲೆ ಅವರನ್ನು ಒಂದು ಮಗ್ಗುಲಿಗೆ ಹೊರಳಿಸಿ, ಗಡಿಯಾರ ನೋಡುತ್ತಿರಬೇಕು.

ಹೆರಿಗೆ ನೋವಿಗೆ 108 ಕರೆಯುವುದು ನಮ್ಮ ಹಳ್ಳಿಗಳಲ್ಲಿ ಈಗ ಎಲ್ಲರಿಗೂ ಗೊತ್ತಿರುವ ಸಂಗತಿ, ಆಶಾ ಕಾರ್ಯಕರ್ತೆಯರು ಅದನ್ನು ಮನೆಮನೆಗೆ ಮುಟ್ಟಿಸಿದ್ದಾರೆ. ಗಾಡಿ ಹತ್ತುವಾಗ ತಾಯಿ ಕಾರ್ಡ್ ಜೊತೆಗಿರಲಿ ಎಂಬುದೊಂದೇ ಇಲ್ಲಿ ಸೇರಿಸಬೇಕಾದ ಮಾತು.

ಎಲ್ಲಿ?

ಕರೆ ಯಾವ ಕ್ಷಣದಲ್ಲಾದರೂ ಕಡಿದುಹೋಗಬಹುದು. ಬ್ಯಾಟರಿ ಮುಗಿಯಬಹುದು, ಕಪ್ಪತಗುಡ್ಡದ ಮಗ್ಗುಲಲ್ಲಿ ನೆಟ್‌ವರ್ಕ್ ಕೈಕೊಡಬಹುದು. ಏನಾಗಿದೆ ಎಂದು ತಿಳಿಯದಿದ್ದರೂ ಎಲ್ಲಿ ಎಂದು ತಿಳಿದರೆ ಗಾಡಿ ಹೊರಡಬಲ್ಲದು. ಏನಾಗಿದೆ ಎಂದು ಪೂರ್ತಿ ತಿಳಿದು, ಎಲ್ಲಿ ಎಂದು ತಿಳಿಯದಿದ್ದರೆ ಅದು ನಿಂತಲ್ಲೇ ನಿಲ್ಲಬೇಕು. ಆದ್ದರಿಂದ ಬಾಯಿಂದ ಬರುವ ಮೊದಲ ವಾಕ್ಯ ಸ್ಥಳದ್ದಾಗಿರಬೇಕು, ಅದೂ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯಬೇಕು: ಜಿಲ್ಲೆ, ತಾಲೂಕು, ಊರು ಅಥವಾ ಬಡಾವಣೆ, ರಸ್ತೆ, ಗುರುತು.

ಈ ಜಿಲ್ಲೆ-ತಾಲೂಕಿನ ಮಾತು ನಮ್ಮಲ್ಲಿ ಅಷ್ಟು ಸಲೀಸಲ್ಲ. 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯೇ ಆಗಿದ್ದವು, ಹಳಬರ ಬಾಯಲ್ಲಿ ಇನ್ನೂ ಹಾಗೆಯೇ ಉಳಿದಿವೆ. ಆಮೇಲೆ ಅಣ್ಣಿಗೇರಿ ನವಲಗುಂದದಿಂದ, ಗಜೇಂದ್ರಗಡ ರೋಣದಿಂದ, ಲಕ್ಷ್ಮೇಶ್ವರ ಶಿರಹಟ್ಟಿಯಿಂದ, ರಟ್ಟೀಹಳ್ಳಿ ಹಿರೇಕೆರೂರಿನಿಂದ ಬೇರೆಯಾಗಿ ಸ್ವತಂತ್ರ ತಾಲೂಕುಗಳಾದವು. ಗಾಬರಿಯಲ್ಲಿ ಹಳೆಯ ತಾಲೂಕಿನ ಹೆಸರು ಬಾಯಿಗೆ ಬಂದರೆ ಪಟ್ಟಿಯಲ್ಲಿ ಊರು ಹುಡುಕುವವರಿಗೆ ತೊಡಕಾಗುತ್ತದೆ. ಜೋಡಿ ಹೆಸರಿನ ಊರುಗಳದ್ದು ಇನ್ನೊಂದು ಪೇಚು. ಕುಂದಗೋಳ ತಾಲೂಕಿನಲ್ಲಿ ಹಿರೇನರ್ತಿಯೂ ಇದೆ, ಚಿಕ್ಕನರ್ತಿಯೂ ಇದೆ. ಹಾವೇರಿ ತಾಲೂಕಿನಲ್ಲಿ ಹೊಸರಿತ್ತಿಯೂ ಇದೆ, ಹಳೇರಿತ್ತಿಯೂ ಇದೆ. ಊರಿನವರು ‘ನರ್ತಿ’, ‘ರಿತ್ತಿ’ ಎಂದಷ್ಟೇ ಹೇಳಿ ಮುಗಿಸುವುದುಂಟು. ಬಡಾವಣೆಗಳ ಕಥೆಯೂ ಇಷ್ಟೇ: ನವನಗರ ಹುಬ್ಬಳ್ಳಿಯಲ್ಲಿಯೂ ಇದೆ, ಬಾಗಲಕೋಟೆಯಲ್ಲಿಯೂ ಇದೆ. ವಿದ್ಯಾನಗರವಿಲ್ಲದ ಊರನ್ನಂತೂ ನಾನು ಕಂಡಿಲ್ಲ.

ಅವಳಿ ನಗರದೊಳಗಾದರೆ ಬಿಆರ್‌ಟಿಎಸ್ ನಿಲ್ದಾಣಗಳು ಒಳ್ಳೆಯ ಗುರುತು, ಚಿಗರಿ ಬಸ್ ನಿಲ್ಲುವ ಹೆಸರು ಪ್ರತಿಯೊಂದಕ್ಕೂ ಬೇರೆಬೇರೆ ಇದೆ. ಗುಡಿಯನ್ನೋ ಮಸೀದಿಯನ್ನೋ ಹೇಳುವುದಾದರೆ ಓಣಿಯ ಹೆಸರು ಸೇರಿಸಿ ಹೇಳಬೇಕು. ರೈಲ್ವೆ ನಿಲ್ದಾಣದಲ್ಲಿ ಬೇರೆಯೇ ಸಮಸ್ಯೆ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್. ‘ಎಂಟನೇ ಪ್ಲಾಟ್‌ಫಾರ್ಮಿನ ಮೇಲೆ ಒಬ್ಬರು ಬಿದ್ದಿದ್ದಾರೆ’ ಎಂದರೆ ಹುಡುಕುವವರು ಒಂದೂವರೆ ಕಿಲೋಮೀಟರ್ ಓಡಬೇಕು. ಯಾವ ತುದಿ, ಯಾವ ಬೋಗಿಯ ಎದುರು ಎಂಬುದನ್ನೂ ಹೇಳಬೇಕು. ಚಲಿಸುವ ರೈಲಿನಲ್ಲಿ ಏನಾದರೂ ಆದರೆ 139ಕ್ಕೆ ಕರೆ ಮಾಡಿ ರೈಲಿನ ಸಂಖ್ಯೆ, ಬೋಗಿ, ಸೀಟು ತಿಳಿಸಿದರೆ ಮುಂದಿನ ನಿಲ್ದಾಣದಲ್ಲಿ ಏರ್ಪಾಡು ಮಾಡಲು ಅನುಕೂಲವಾಗುತ್ತದೆ.

ಹಳ್ಳಿಯಲ್ಲಿ ಊರ ಹೆಸರು ಹೇಳಿದರೆ ಗಾಡಿ ಅಗಸಿಯವರೆಗೆ ಬರುತ್ತದೆ, ಅಲ್ಲಿಂದ ಮುಂದಿನ ದಾರಿ ತೋರಿಸುವುದು ನಮ್ಮ ಹೊಣೆ. ಒಬ್ಬ ಹುಡುಗನನ್ನು ಕೈಯಲ್ಲಿ ಬ್ಯಾಟರಿ ಕೊಟ್ಟು ಅಗಸಿಗೆ ಕಳಿಸಿದರೆ ಐದು ನಿಮಿಷ ಉಳಿಯುತ್ತದೆ. ಹೊಲದಲ್ಲಿ ಆದ ಅವಘಡವಾದರೆ ಇನ್ನೂ ಮುಂದೆ ಹೋಗಿ ಯೋಚಿಸಬೇಕು. ನಮ್ಮದು ಎರೆಭೂಮಿ. ಒಂದು ದೊಡ್ಡ ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಚಕ್ಕಡಿಯ ಗಾಲಿಯೇ ಹೂಳುತ್ತದೆ, ಆಂಬುಲೆನ್ಸಿನ ಮಾತು ದೂರ. ಅಂಥ ದಿನಗಳಲ್ಲಿ ಹೊಲದ ಗುರುತು ಹೇಳಿ ಕಾಯುವ ಬದಲು, ರೋಗಿಯನ್ನು ಮಂಚ ಅಥವಾ ಗಟ್ಟಿ ಹಲಗೆಯ ಮೇಲೆ ಮಲಗಿಸಿ ಟ್ರ್ಯಾಕ್ಟರಿನಲ್ಲೋ ಚಕ್ಕಡಿಯಲ್ಲೋ ಡಾಂಬರು ರಸ್ತೆಗೆ ತರುತ್ತೇವೆ, ಇಂಥ ಕೂಡುರಸ್ತೆಗೆ ಬನ್ನಿ ಎಂದು ಕರೆಯಲ್ಲಿಯೇ ನಿಗದಿ ಮಾಡಿಕೊಳ್ಳುವುದು ಜಾಣತನ. ಮರದಿಂದಲೋ ಬಣವಿಯ ಮೇಲಿಂದಲೋ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಅನುಮಾನವಿದ್ದವರನ್ನು ಮಾತ್ರ, ಬೇರೆ ಅಪಾಯವಿಲ್ಲದಿದ್ದರೆ, ತಜ್ಞ ಕೈಗಳು ಬರುವವರೆಗೆ ಅಲುಗಾಡಿಸಬಾರದು.

ಕರೆಯ ಮಿಕ್ಕ ಭಾಗ

ಸ್ಥಳ ಹೇಳಿಯಾದ ಮೇಲೆ, ಏನಾಗಿದೆ, ಎಷ್ಟು ಜನರಿಗೆ, ರೋಗಿಗೆ ಎಚ್ಚರವಿದೆಯೇ, ಉಸಿರಾಡುತ್ತಿದ್ದಾರೆಯೇ, ಅಂದಾಜು ವಯಸ್ಸೆಷ್ಟು ಎಂಬ ಪ್ರಶ್ನೆಗಳು ಬರುತ್ತವೆ. ‘ಇಷ್ಟೆಲ್ಲ ಯಾಕ ಕೇಳ್ತೀರಿ, ಮೊದಲ ಗಾಡಿ ಕಳಸ್ರಿ’ ಎಂದು ಸಿಟ್ಟಿಗೇಳುವವರನ್ನು ನಾನು ಬಲ್ಲೆ, ನಾನೂ ಒಮ್ಮೆ ಹಾಗೆ ಕೂಗಾಡಿದ್ದೇನೆ. ಆದರೆ ಆ ಪ್ರಶ್ನೆಗಳು ಹೊತ್ತು ಕಳೆಯಲು ಕೇಳುವಂಥವಲ್ಲ. ಸಾಮಾನ್ಯ ಗಾಡಿ ಸಾಕೋ, ಜೀವರಕ್ಷಕ ಉಪಕರಣಗಳಿರುವ ಗಾಡಿಯೇ ಬೇಕೋ, ಒಂದು ಸಾಕೋ ಮೂರು ಬೇಕೋ, ಪೊಲೀಸರಿಗೂ ತಿಳಿಸಬೇಕೋ ಎಂಬುದೆಲ್ಲ ಆ ಉತ್ತರಗಳ ಮೇಲೆ ನಿಂತಿದೆ. ಅವರು ಇಡುವವರೆಗೆ ನೀವು ಫೋನ್ ಇಡಬೇಡಿ. ಇಟ್ಟ ಮೇಲೆ ಆ ಫೋನಿನಿಂದ ಬಂಧುಬಳಗಕ್ಕೆ ಸುದ್ದಿ ಹೇಳಲು ತೊಡಗಬೇಡಿ. ಗಾಡಿಯ ಸಿಬ್ಬಂದಿ ದಾರಿ ಕೇಳಲು ಕರೆ ಮಾಡುವುದು ಅದೇ ಸಂಖ್ಯೆಗೆ. ಅಪರಿಚಿತ ಸಂಖ್ಯೆಯೆಂದು ಎತ್ತದೆ ಬಿಟ್ಟವರೂ ಇದ್ದಾರೆ. ಬಳಗಕ್ಕೆ ಬೇರೆಯವರ ಫೋನಿನಿಂದ ತಿಳಿಸಿದರಾಯಿತು. ಒಂದೇ ಘಟನೆಗೆ ಒಬ್ಬರು ಪೂರ್ತಿ ಹೊಣೆ ಹೊತ್ತು ಕರೆ ಮಾಡುವುದು, ಹತ್ತು ಜನ ಹತ್ತು ಕಡೆಯಿಂದ ಅರೆಬರೆ ಮಾಹಿತಿ ಕೊಡುವುದಕ್ಕಿಂತ ಮೇಲು.

ಉಸಿರಾಟ ನಿಂತಿದ್ದರೆ ಕಾಯುವ ಪ್ರಶ್ನೆಯೇ ಇಲ್ಲ. ಹೃದಯ ನಿಂತ ನಾಲ್ಕಾರು ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ, ಯಾವ ಊರಿನಲ್ಲಿಯೂ ಗಾಡಿ ಅಷ್ಟು ಬೇಗ ಬರುವುದು ಕಷ್ಟ. ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟು, ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಭಾಗದಲ್ಲಿ ಒಂದು ಅಂಗೈ ಮೇಲೆ ಇನ್ನೊಂದು ಅಂಗೈ ಇಟ್ಟು, ಮೊಣಕೈ ಬಗ್ಗಿಸದೆ, ಎದೆ ಐದರಿಂದ ಆರು ಸೆಂಟಿಮೀಟರ್ ಕೆಳಗಿಳಿಯುವಂತೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಹತ್ತಿಯ ಗಾದಿಯ ಮೇಲೆ ಒತ್ತಿದರೆ ಕೆಳಗಿಳಿಯುವುದು ಗಾದಿಯೇ ಹೊರತು ಎದೆಯಲ್ಲ. ದಣಿವಾಗುತ್ತದೆ, ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಬದಲಿಸಬೇಕು.

ಹೆದ್ದಾರಿಯಲ್ಲಿ

ನಮ್ಮ ಧಾರವಾಡ ಮತ್ತು ಹಾವೇರಿ ಜಿಲ್ಲೆಗಳಲ್ಲಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಧಾರವಾಡ, ಹುಬ್ಬಳ್ಳಿ, ಶಿಗ್ಗಾವಿ, ಬಂಕಾಪುರ, ಹಾವೇರಿ, ರಾಣೆಬೆನ್ನೂರು ಎಲ್ಲ ಅದರ ಮಗ್ಗುಲಲ್ಲಿವೆ. ಗಬ್ಬೂರು ಮತ್ತು ನರೇಂದ್ರದ ನಡುವಿನ ಬೈಪಾಸ್ ಎಷ್ಟೋ ಮನೆಗಳಿಗೆ ಕಹಿ ನೆನಪು. ಅಪಘಾತ ಕಂಡವರು ‘ಬೈಪಾಸಿನಲ್ಲಿ’ ಎಂದಷ್ಟೇ ಹೇಳುತ್ತಾರೆ, ಆದರೆ ಅದರ ಉದ್ದ ಮೂವತ್ತು ಕಿಲೋಮೀಟರ್ ಆಸುಪಾಸು. ರಸ್ತೆಯ ಬದಿಯ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ, ಹಿಂದೆ ದಾಟಿ ಬಂದ ಸೇತುವೆ ಅಥವಾ ಪೆಟ್ರೋಲ್ ಬಂಕ್, ಮತ್ತು ಬೆಂಗಳೂರಿನತ್ತ ಹೋಗುವ ಬದಿಯೋ ಬೆಳಗಾವಿಯತ್ತ ಹೋಗುವ ಬದಿಯೋ ಎಂಬುದು, ಈ ಮೂರನ್ನೂ ಹೇಳಬೇಕು. ನಡುವೆ ವಿಭಜಕವಿರುವ ರಸ್ತೆಯಲ್ಲಿ ಬದಿ ತಪ್ಪಿದರೆ ಗಾಡಿ ಕಿಲೋಮೀಟರ್‌ಗಟ್ಟಲೆ ಸುತ್ತಿ ಬರಬೇಕಾಗುತ್ತದೆ. ರಾಷ್ಟ್ರೀಯ ಹೆದ್ದಾರಿಗಳಿಗಾಗಿ 1033 ಎಂಬ ಪ್ರತ್ಯೇಕ ಸಂಖ್ಯೆಯೂ ಇದೆ. ಕೆಟ್ಟು ನಿಂತ ಲಾರಿ, ರಸ್ತೆಗೆ ಅಡ್ಡಬಿದ್ದ ವಾಹನಗಳಿಗೂ ಅದನ್ನು ಬಳಸಬಹುದು. ಕರೆ ಮಾಡುವ ಮುನ್ನ ನಿಮ್ಮ ಗಾಡಿಯನ್ನು ಬದಿಗೆ ಹಾಕಿ, ಎಚ್ಚರಿಕೆಯ ದೀಪ ಹಚ್ಚಿ, ನೀವು ರಸ್ತೆಯಿಂದ ಈಚೆ ನಿಲ್ಲಿ. ನೆರವಿಗೆ ಹೋದವರ ಮೇಲೆಯೇ ಇನ್ನೊಂದು ವಾಹನ ಹರಿದ ಉದಾಹರಣೆಗಳಿವೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಗಾಡಿ ನಿಲ್ಲಿಸದೆ ಮುಂದೆ ಹೋಗುವುದಕ್ಕೆ ಕಾರಣ ಒಂದೇ: ‘ಪೊಲೀಸ್, ಕೋರ್ಟು ನಮಗ್ಯಾಕ ಬೇಕು’ ಎಂಬ ಅಂಜಿಕೆ. ಈ ಅಂಜಿಕೆಗೆ ಕಾನೂನಿನಲ್ಲಿ ಈಗ ಆಧಾರವಿಲ್ಲ. ಗಾಯಾಳುವಿಗೆ ಮೊದಲು ಚಿಕಿತ್ಸೆ, ಕಾಗದಪತ್ರ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. ನೆರವಾದವರ ರಕ್ಷಣೆಗಾಗಿ ಕರ್ನಾಟಕ 2016ರಲ್ಲಿ ತನ್ನದೇ ಕಾಯ್ದೆ ಮಾಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ ಆ ನೆರವಿನ ಕಾರಣಕ್ಕೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಪ್ರಕರಣ ಹೂಡುವಂತಿಲ್ಲ. ಹೆಸರು, ವಿಳಾಸ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಆಸ್ಪತ್ರೆಯವರು ‘ನೀವೇ ತಂದಿದ್ದೀರಿ, ನೀವೇ ಕಟ್ಟಿ’ ಎನ್ನುವಂತೆಯೂ ಇಲ್ಲ. 2025ರಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಜಾರಿಯಲ್ಲಿದೆ.

ಹಾವು, ವಿಷ, ಬೆಂಕಿ

ಶೇಂಗಾ ಕೀಳುವಾಗ, ಗೋವಿನಜೋಳ ಕೊಯ್ಯುವಾಗ, ರಾತ್ರಿ ಪಾಳಿಯ ಕರೆಂಟಿಗೆ ಪಂಪ್‌ಸೆಟ್ ಹಚ್ಚಲು ಹೋದಾಗ ಹಾವು ಕಚ್ಚುತ್ತದೆ. ಕಚ್ಚಿದ್ದು ವಿಷದ ಹಾವೋ ಅಲ್ಲವೋ ಎಂದು ನಿರ್ಧರಿಸಲು ಕಾಯಬಾರದು. ಕಟ್ಟುಹಾವಿನ ಕಡಿತದಲ್ಲಿ ನೋವು, ಬಾವು ಅಷ್ಟಾಗಿ ಇಲ್ಲದೆಯೇ ಕೆಲ ತಾಸುಗಳಲ್ಲಿ ಕಣ್ಣುರೆಪ್ಪೆ ಜೋತು ಉಸಿರು ನಿಲ್ಲಬಹುದು. ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಎಲ್ಲವೂ ಹಾನಿಕರ. ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಕೈಕಾಲನ್ನು ಒಂದು ಪಟ್ಟಿಗೆ ಕಟ್ಟಿ ಅಲುಗದಂತೆ ಇಟ್ಟು, ರೋಗಿಯನ್ನು ನಡೆಸದೆ 108ಕ್ಕೆ ಕರೆ ಮಾಡಬೇಕು. ಕರೆಯಲ್ಲಿ ‘ಹಾವು ಕಚ್ಚಿದೆ’ ಎಂಬ ಮಾತು ಸ್ಪಷ್ಟವಾಗಿರಲಿ. ಪ್ರತಿವಿಷವಿರುವ ಆಸ್ಪತ್ರೆಗೇ ಒಯ್ಯಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಹಾವನ್ನು ಕೊಂದು ಚೀಲದಲ್ಲಿ ತರುವ ಅಗತ್ಯವಿಲ್ಲ.

ಹತ್ತಿ, ಮೆಣಸಿನಕಾಯಿಗೆ ಹೊಡೆಯುವ ಔಷಧಿ ಮೈಗೆ ತಾಗಿ ಅಸ್ವಸ್ಥರಾದವರ ಬಟ್ಟೆ ತೆಗೆದು ಮೈ ತೊಳೆಯಬೇಕು. ಕುಡಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು, ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇಮ್ಮಡಿಯಾಗುತ್ತದೆ. ಡಬ್ಬಿಯನ್ನು ಅದರ ಚೀಟಿ ಸಮೇತ ಆಸ್ಪತ್ರೆಗೆ ಒಯ್ಯಬೇಕು. ವಿಷವಿನ್ನೂ ಕೈಗೆತ್ತಿಕೊಳ್ಳದ, ಆದರೆ ಬದುಕು ಸಾಕೆನ್ನುವ ಮಾತು ಬಾಯಲ್ಲಿ ಬರುತ್ತಿರುವವರಿಗಾಗಿ 2022ರಿಂದ ಟೆಲಿ ಮಾನಸ್ ಎಂಬ ಸೇವೆ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ದೊರೆಯುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕುಳಿತು ಕರೆ ಮಾಡಿಸಬಹುದು.

ಬೆಂಕಿಗೆ 101 ಅಥವಾ 112. ಏನು ಹೊತ್ತಿದೆ ಎಂಬುದನ್ನು ಮೊದಲೇ ಹೇಳಬೇಕು: ಬಣವಿಯೋ, ಗ್ಯಾಸ್ ಸಿಲಿಂಡರೋ, ಬಟ್ಟೆ ಅಂಗಡಿಯೋ. ಒಳಗೆ ಜನ ಸಿಕ್ಕಿಕೊಂಡಿದ್ದಾರೆಯೇ, ಓಣಿಯೊಳಗೆ ದೊಡ್ಡ ಗಾಡಿ ನುಗ್ಗುತ್ತದೆಯೇ, ಹತ್ತಿರದಲ್ಲಿ ನೀರು ತುಂಬಿಕೊಳ್ಳಲು ಕೆರೆ ಅಥವಾ ಬೋರ್‌ವೆಲ್ ಇದೆಯೇ ಎಂಬುದೂ ಉಪಯುಕ್ತ. ಅಡುಗೆಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ಕಿಟಕಿ-ಬಾಗಿಲು ತೆರೆದು, ಹೊರಗೆ ಬಂದು ಆಮೇಲೆ ಫೋನ್ ಮಾಡಬೇಕು. ಗ್ಯಾಸ್ ಸೋರಿಕೆಗೆಂದೇ 1906 ಇದೆ. ಹರಿದು ಬಿದ್ದ ಕರೆಂಟ್ ತಂತಿಗೆ ಹೆಸ್ಕಾಂನ 1912. ಲೈನ್ ಬಂದ್ ಆಗಿದೆ ಎಂದು ಖಾತ್ರಿಯಾಗುವವರೆಗೆ ಶಾಕ್ ಹೊಡೆದವರನ್ನೂ ಮುಟ್ಟಬಾರದು. ಬೆಣ್ಣೆಹಳ್ಳ ಉಕ್ಕಿ ದಾರಿ ಕಟ್ಟಿದಾಗ ಜಿಲ್ಲಾ ವಿಪತ್ತು ನಿರ್ವಹಣಾ ಕೇಂದ್ರದ ಸಂಖ್ಯೆ 1077.

ಮಾತಾಡಲಾಗದಾಗ, ಮತ್ತು ಮಾಡಬಾರದಾಗ

ಬೆನ್ನು ಹತ್ತಿದವರಿಂದ ತಪ್ಪಿಸಿಕೊಳ್ಳುತ್ತಿರುವ ಹೆಣ್ಣುಮಗಳಿಗೆ ವಿಳಾಸ ಒಪ್ಪಿಸುವಷ್ಟು ವ್ಯವಧಾನ ಇರುವುದಿಲ್ಲ. ಅದಕ್ಕಾಗಿಯೇ 2017ರಿಂದ ದೇಶದಲ್ಲಿ ಮಾರಾಟವಾಗುವ ಫೋನುಗಳಲ್ಲಿ ಆಪತ್ತಿನ ಗುಂಡಿ ಕಡ್ಡಾಯವಾಯಿತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ (ಕೆಲವು ಮಾದರಿಗಳಲ್ಲಿ ಐದು ಸಲ) ಒತ್ತಿದರೆ ಕರೆ ಹೋಗುತ್ತದೆ. 112 ಇಂಡಿಯಾ ಆ್ಯಪ್ ಹಾಕಿಕೊಂಡವರು ಇದ್ದ ಜಾಗವನ್ನೂ ಅದರ ಮೂಲಕ ತಿಳಿಸಬಹುದು. ಸಹಾಯ ಬೇಕಾದ ಮಹಿಳೆಯರಿಗೆ 181, ಮಕ್ಕಳಿಗೆ 1098 ಇವೆ, ಆದರೆ ಅಪಾಯ ಈ ಗಳಿಗೆಯಲ್ಲೇ ಎದುರಿಗಿದ್ದರೆ 112 ಮೊದಲು.

ಇದೇ ಗುಂಡಿ ಕಿಸೆಯಲ್ಲಿ ತಾನಾಗಿ ಒತ್ತಿಹೋಗುವುದೂ ಉಂಟು, ಮಕ್ಕಳ ಕೈಗೆ ಸಿಕ್ಕಿ ಕರೆ ಹೋಗುವುದೂ ಉಂಟು. ಹಾಗಾದಾಗ ಗಾಬರಿಯಿಂದ ಕಡಿದು ಹಾಕಬಾರದು. ‘ತಪ್ಪಿ ಬಂತ್ರಿ, ಏನೂ ತೊಂದರಿ ಇಲ್ಲ’ ಎಂದರೆ ಮುಗಿಯಿತು. ಕಡಿದರೆ ಅವರು ತಿರುಗಿ ಕರೆ ಮಾಡಿ ವಿಚಾರಿಸಬೇಕಾಗುತ್ತದೆ. ಎರಡು ದಿನದ ಜ್ವರ, ಮೊದಲೇ ಗೊತ್ತಾದ ಡಯಾಲಿಸಿಸ್ ದಿನ, ಡಿಸ್ಚಾರ್ಜ್ ಆದವರನ್ನು ಮನೆಗೆ ಬಿಡುವುದು ಇವು 108ರ ಕೆಲಸವಲ್ಲ. ಆರೋಗ್ಯದ ಸಲಹೆ ಬೇಕಿದ್ದರೆ 104ಕ್ಕೆ ಕೇಳಬಹುದು, ಹೆರಿಗೆಯಾದ ತಾಯಿ-ಮಗುವನ್ನು ಮನೆಗೆ ಬಿಡಲು ‘ನಗು-ಮಗು’ ವಾಹನಗಳಿವೆ. ಆದರೆ ಇದು ತುರ್ತೋ ಅಲ್ಲವೋ ಎಂಬ ನಿಜವಾದ ಅನುಮಾನವಿದ್ದಾಗ ಕರೆ ಮಾಡಿಬಿಡುವುದೇ ಸರಿ, ತೀರ್ಮಾನವನ್ನು ಅವರಿಗೇ ಬಿಡಬಹುದು.

ಕೊನೆಯ ಒಂದು ಸಂಗತಿ ಧಾರವಾಡ, ಹುಬ್ಬಳ್ಳಿಯಂಥ ಊರುಗಳಿಗೆ ಹೆಚ್ಚು ಅನ್ವಯಿಸುತ್ತದೆ. ಇಲ್ಲಿ ಎಷ್ಟೋ ಮನೆಗಳಲ್ಲಿ ಇರುವವರು ವಯಸ್ಸಾದ ಇಬ್ಬರೇ. ಮಕ್ಕಳು ಪುಣೆಯಲ್ಲೋ ಹೈದರಾಬಾದಿನಲ್ಲೋ ವಿದೇಶದಲ್ಲೋ ಇರುತ್ತಾರೆ, ಮತ್ತು ತಾಯಿ ತಂದೆ ಮೊದಲು ಫೋನ್ ಮಾಡುವುದು ಅವರಿಗೇ. ಆದರೆ ಪುಣೆಯಲ್ಲಿ ಕುಳಿತ ಮಗ 108 ಒತ್ತಿದರೆ ಅದು ಮಹಾರಾಷ್ಟ್ರದ ಕೇಂದ್ರಕ್ಕೆ ಹೋಗುತ್ತದೆ, ಧಾರವಾಡದ ಗಾಡಿಗೆ ಸುದ್ದಿ ಮುಟ್ಟುವುದಿಲ್ಲ. 112 ಕೂಡ ಕರೆ ಮಾಡಿದವರು ಇರುವ ಜಾಗದ ಕೇಂದ್ರಕ್ಕೇ ಸೇರುತ್ತದೆ. ಅಂಥ ಮಕ್ಕಳ ಫೋನಿನಲ್ಲಿ ತಾಯಿ-ತಂದೆಯ ಮನೆಯ ಎಡಬಲದ ಇಬ್ಬರು ನೆರೆಯವರ, ಓಣಿಯ ಔಷಧಿ ಅಂಗಡಿಯವರ, ಹತ್ತಿರದ ಆಸ್ಪತ್ರೆಯ ಸ್ಥಿರ ದೂರವಾಣಿ ಸಂಖ್ಯೆಗಳಿರಬೇಕು. ಅತ್ತ ಮನೆಯಲ್ಲಿ, ಬಾಗಿಲ ಹಿಂದೆ ಗೋಡೆಗೆ ಅಂಟಿಸಿದ ಒಂದು ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಪೂರ್ತಿ ವಿಳಾಸ, ಗುರುತು, ರಕ್ತದ ಗುಂಪು, ದಿನವೂ ತೆಗೆದುಕೊಳ್ಳುವ ಗುಳಿಗೆಗಳ ಹೆಸರು ಇರಬೇಕು. ನಮ್ಮ ಎದುರು ಮನೆಯಲ್ಲಿ ಈಗ ಅಂಥದೊಂದು ಹಾಳೆ ಇದೆ. ‘ಹನಮಪ್ಪನ ಗುಡಿ’ ಎಂಬ ಮಾತಿನ ಮುಂದೆ ಯಾವ ಹನಮಪ್ಪ ಎಂಬುದನ್ನೂ ಅದರಲ್ಲಿ ಬರೆದಿದ್ದಾರೆ.